ಒಂದು ಅಂಚಿಗೆ ಒಂದು ಸಾಲು

ಸುದ್ದಿ ಬಂದಾಗ ನಾನು ಹಾಲು ಕಾಯಿಸುತ್ತಿದ್ದೆ. ಮಧ್ಯಾಹ್ನ ಮೂರೂವರೆ ದಾಟಿತ್ತು. ನನ್ನ ಹೆಂಡತಿ ತಾನು ಹೊಲಿದು ಮುಗಿಸಿದ ಶಾಲಾ ಅಂಗಿಗಳ ಗಂಟನ್ನು ಬಟ್ಟೆ ಅಂಗಡಿಗೆ ಒಪ್ಪಿಸಿ ಬರಲು ಹೋಗಿದ್ದಳು. ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು ದಿನವೂ ಅವಳ ಕೆಲಸ. ಅಂದು ಮಾತ್ರ ಅದು ನನ್ನ ಪಾಲಿಗೆ ಬಂದಿತ್ತು. "ನಾಲ್ಕರೊಳಗೆ ಬಂದುಬಿಡ್ತೀನಿ. ಕಣ್ಣು ಹಾಲಿನ ಮೇಲಿರಲಿ, ಪೇಪರಿನ ಮೇಲಲ್ಲ" ಎಂದು ಬಾಗಿಲಲ್ಲಿ ನಿಂತು ಹೇಳಿ ಹೋಗಿದ್ದಳು.

ಸೊಸೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಲ್ಲಿಯ ನೀಲಿ ಕೋಟನ್ನೂ ಬಿಚ್ಚದೆ ಮನೆಗೆ ಬಂದಳು. ಆ ಹೊತ್ತಿಗೆ ಬರುವವಳಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು, ಒಲೆಯನ್ನು ನೋಡಿದಳು.

"ಮಾವ, ಹಾಲು ಉಕ್ತಿದೆ" ಎಂದಳು.

ನಾನು ಒಲೆ ಆರಿಸಿದೆ. ಅವಳು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟಳು. "ಅತ್ತೆ ಅಂಗಡಿ ಮೆಟ್ಟಿಲ ಮೇಲೆ ಕುಸಿದುಬಿದ್ರಂತೆ. ಆಸ್ಪತ್ರೆಗೆ ಸೇರಿಸೋಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಇವರು ಅಲ್ಲೇ ಇದ್ದಾರೆ."

ಇವರು ಎಂದರೆ ನನ್ನ ಮಗ. ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಕೆಲಸ ಮಾಡುತ್ತಿದ್ದ ಜಾಗದಿಂದಲೇ ಓಡಿದ್ದನಂತೆ.

ಮೊಮ್ಮಗಳು ಒಳಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಪಕ್ಕದ ಮಣೆಯ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಕಾಯುತ್ತಿದ್ದಳು. ತಾಯಿ ಹೋಗಿ ಅವಳ ಮುಂದೆ ಮಂಡಿಯೂರಿದಳು.

"ಅಜ್ಜಿ ಬರಲ್ಲ ಕಂದಾ."

"ಇವತ್ತಾ, ಯಾವಾಗ್ಲೂನಾ?"

"ಯಾವಾಗ್ಲೂ."

ಹುಡುಗಿ ಪುಸ್ತಕದ ಕಡೆಗೆ ನೋಡಿದಳು. "ಹಾಗಾದ್ರೆ ನನ್ನ ಪಾಠ?" ಎಂದಳು.

ಸಂಜೆ ಬಂದ ನನ್ನ ತಂಗಿಗೆ ಆ ಮಾತು ತಿಳಿದು, "ಎಂಟು ವರ್ಷದ ಹುಡುಗಿ, ಒಂದು ಹನಿ ನೀರಿಲ್ಲ ಕಣ್ಣಲ್ಲಿ. ಅಷ್ಟು ಸಾಕಿದಳಲ್ಲ ಆ ಪುಣ್ಯಾತ್ಗಿತ್ತಿ, ಪಾಠದ ಚಿಂತೆಯಂತೆ ಇವಳಿಗೆ" ಎಂದಳು. ನಮಗೂ ಹಾಗೆಯೇ ಎನಿಸಿತ್ತು. ಆ ದಿನ ಮನೆಯಿಂದ ಏನು ಹೋಯಿತು ಎನ್ನುವುದು ನಮ್ಮಲ್ಲಿ ಆ ಮಗುವಿಗೊಬ್ಬಳಿಗೇ ಸರಿಯಾಗಿ ತಿಳಿದಿತ್ತು. ಅದು ನಮಗೆ ಗೊತ್ತಾಗಲು ಎರಡು ತಿಂಗಳು ಹಿಡಿಯಿತು.

ನಾವು ಆ ಹುಡುಗಿಯನ್ನು ಕರೆಯುವುದು ಪಾವು ಎಂದು. ಹೆಸರಿಟ್ಟವಳು ನನ್ನ ಹೆಂಡತಿ. ಮಗು ಹದಿನಾಲ್ಕು ವಾರ ಮೊದಲೇ ಹುಟ್ಟಿತು. ಒಂದು ಕಿಲೋ ಕೂಡ ತೂಗಲಿಲ್ಲ. ಮೂರು ತಿಂಗಳು ಗಾಜಿನ ಪೆಟ್ಟಿಗೆಯಲ್ಲಿ, ಕೊಳವೆಗಳ ನಡುವೆ, ಆರದ ದೀಪದ ಕೆಳಗೆ ಬೆಳೆಯಿತು. ಅಷ್ಟು ಚಿಕ್ಕ ಅಂಗಿ ಯಾವ ಅಂಗಡಿಯಲ್ಲೂ ಸಿಗದೆ ನನ್ನ ಹೆಂಡತಿ ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಹೊಲಿದುಕೊಟ್ಟಳು. ಕೊಳವೆಗೆ ತಾಗದಂತೆ ಪಕ್ಕದಲ್ಲಿ ಲಾಡಿ ಕಟ್ಟುವಂಥದ್ದು, ನನ್ನ ಅಂಗೈಯಷ್ಟು ಅಗಲ. ದೇವರ ದಯೆ, ಮಗು ಉಳಿಯಿತು. ಮನೆಗೆ ಬಂದ ದಿನ "ಬಂತಪ್ಪ ನಮ್ಮ ಪಾವು, ಇನ್ನು ಸೇರಾಗೋದು ನೋಡಿ" ಎಂದಳು. ಆಮೇಲೆ ನಡೆಯಿತು, ಮಾತಾಡಿತು, ಓಡಿತು. ಎಲ್ಲ ಸರಿಹೋಯಿತೆಂದು ನಾವು ಆ ಮೂರು ತಿಂಗಳನ್ನು ಮಡಿಸಿ ಎತ್ತಿಟ್ಟುಬಿಟ್ಟೆವು.

ಹೆಂಡತಿ ಹೋದ ಎರಡನೆಯ ವಾರದಿಂದ ಮಧ್ಯಾಹ್ನ ನಾಲ್ಕು ಗಂಟೆಯ ಹೊತ್ತಿಗೆ ಒಳಕೋಣೆಯಿಂದ ಮಿಷನ್ನಿನ ಸದ್ದು ಬರತೊಡಗಿತು. ಟಕಟಕ ಟಕಟಕ, ಒಂದು ಅಂಚು ಹೊಲಿಯುವಷ್ಟು ಹೊತ್ತು. ಆಮೇಲೆ ನಿಲುಗಡೆ. ಮತ್ತೆ ಟಕಟಕ. ಮೂವತ್ತೆಂಟು ವರ್ಷ ಕೇಳಿದ ಸದ್ದು. ಅದರ ಗುರುತು ನನಗೆ ತಪ್ಪುವುದಿಲ್ಲ. ಎದ್ದು ಹೋಗಿ ನೋಡಿದರೆ ಮಿಷನ್ನಿನ ಮೇಲೆ ಮರದ ಮುಚ್ಚಳ ಹಾಗೆಯೇ ಇರುತ್ತಿತ್ತು. ಪಕ್ಕದಲ್ಲಿ ಪಾವು ಪುಸ್ತಕ ಹಿಡಿದು ಕುಳಿತಿರುತ್ತಿದ್ದಳು.

"ಏನೋ ಸದ್ದಾಯ್ತಲ್ಲ ಮರಿ?"

"ಇಲ್ಲ ತಾತ."

ನಾನು ಮಗನಿಗೆ ಹೇಳಿದೆ. ಅವನು ಊಟದ ತಟ್ಟೆಯಿಂದ ತಲೆಯೆತ್ತದೆ, "ನಿಮಗೆ ಕಿವಿ ಮಂದ ಅಂತ ಅಮ್ಮ ಹತ್ತು ವರ್ಷದಿಂದ ಹೇಳ್ತಿದ್ರು" ಎಂದ.

"ಕಿವಿ ಮಂದ ಆದವನಿಗೆ ಇರೋ ಸದ್ದು ಕೇಳಿಸಬಾರದು. ಇಲ್ಲದ್ದು ಹೇಗಪ್ಪ ಕೇಳಿಸುತ್ತೆ?"

"ಆ ಮಿಷನ್ನು ಕಣ್ಣೆದುರಿಗಿದ್ರೆ ಹೀಗೇ. ಪಾವು ಕೂಡ ಅದರ ಮುಂದೇನೇ ಕೂತಿರ್ತಾಳೆ. ಅವಳಿಗೂ ಮರೆಯೋಕಾಗಲ್ಲ, ನಿಮಗೂ ಆಗಲ್ಲ."

ಹೀಗೆ ಮಾತಾಗಿ, ಮೂರನೆಯ ವಾರ ನಾನೇ ಪಕ್ಕದ ಬೀದಿಯ ಟೈಲರನ್ನು ಕರೆದು ಮಿಷನ್ ಎತ್ತಿಸಿಕೊಟ್ಟೆ. ಅವನು ಬೆಲೆಯ ಮಾತು ಎತ್ತಿದಾಗ ಬೇಡವೆಂದೆ. ಮಿಷನ್ ಹೊಸ್ತಿಲು ದಾಟುವಾಗ ಪಾವು ಕೆಳಗಿನ ಕಬ್ಬಿಣದ ಪೆಡಲನ್ನು ಹಿಡಿದುಕೊಂಡಳು.

"ತಾತ, ಅಜ್ಜಿ ಇನ್ನು ಎಲ್ಲಿ ಕೂರ್ತಾರೆ?"

"ಅಜ್ಜಿ ದೇವರ ಹತ್ತಿರ ಕೂತಿದ್ದಾರೆ ಮರಿ."

"ಅಲ್ಲಿ ಮಿಷನ್ ಇದ್ಯಾ?"

ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಟೈಲರು ಗಾಡಿ ತಳ್ಳಿಕೊಂಡು ಹೋದ. ಮಾರನೆಯ ದಿನ ನಾಲ್ಕು ಗಂಟೆಗೆ ಖಾಲಿ ಕೋಣೆಯಿಂದ ಸದ್ದು ಬಂತು. ನಾನು ಹೋಗಿ ನೋಡಲಿಲ್ಲ. ಪೇಪರಿನಿಂದ ಮುಖ ಮುಚ್ಚಿಕೊಂಡು ಅಲ್ಲಿಯೇ ಕುಳಿತೆ. ನಿಜ ಹೇಳಬೇಕೆಂದರೆ ಹೆದರಿಕೆಯ ಜೊತೆಗೇ ಒಂದು ಸಮಾಧಾನವೂ ಆಯಿತು. ನನ್ನವಳು ಇನ್ನೂ ಹೋಗಿಲ್ಲ ಎನಿಸಿತು. ಆ ಸಂಜೆ ದೇವರ ಮುಂದೆ ಕುಳಿತಾಗ ಎಲ್ಲರ ಕ್ಷೇಮ ಕೇಳಿದೆ. ಅವಳ ಆತ್ಮಕ್ಕೆ ಶಾಂತಿ ಕೊಡು ಎಂಬ ಮಾತು ಮಾತ್ರ ನಾಲಿಗೆಗೆ ಬರಲಿಲ್ಲ. ಶಾಂತಿ ಸಿಕ್ಕರೆ ಅವಳು ಹೊರಟುಹೋಗುತ್ತಾಳಲ್ಲ.

ಅಲ್ಲಿಂದ ಮುಂದೆ ಹುಡುಗಿ ನಮ್ಮ ಕೈಯಲ್ಲಿ ನಿಲ್ಲದಂತಾದಳು. ಹಟವಿಲ್ಲ, ಗಲಾಟೆಯಿಲ್ಲ, ಎದುರಿಗೇ ಕೂತಿದ್ದೂ ಅಲ್ಲಿ ಇಲ್ಲದಂತೆ ಇರುತ್ತಿದ್ದಳು. ಬೆಳಿಗ್ಗೆ ಸೊಸೆ ಡಬ್ಬಿಗೆ ಊಟ ತುಂಬುತ್ತಾ ಒಂದೇ ಉಸಿರಿಗೆ ಹೇಳುವಳು: "ಹಲ್ಲುಜ್ಜಿ, ಬಾಟಲಿಗೆ ನೀರು ತುಂಬಿಸಿ, ಬ್ಯಾಗಿಗೆ ಪುಸ್ತಕ ಹಾಕಿ, ಶೂ ಹಾಕ್ಕೊಂಡು ಬಾ." ಕಾಲು ಗಂಟೆಯ ನಂತರ ಹೋಗಿ ನೋಡಿದರೆ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ಕಿಟಕಿಯ ಸರಳಿನ ಮೇಲೆ ಸಾಗುವ ಇರುವೆಯನ್ನು ನೋಡುತ್ತಾ ನಿಂತಿರುವಳು.

"ನಾನು ಹೇಳಿದ್ದು ಕೇಳಿಸಲಿಲ್ವಾ?"

"ಕೇಳಿಸ್ತು."

"ಏನು ಹೇಳ್ದೆ?"

"ಹಲ್ಲು."

"ಹಲ್ಲು ಆದ್ಮೇಲೆ?"

ಹುಡುಗಿ ಯೋಚಿಸುವಳು. ಮುಖದಲ್ಲಿ ಕಳ್ಳತನವಿಲ್ಲ. ಆಮೇಲಿನ ಮಾತುಗಳು ಅವಳ ಹತ್ತಿರ ಇರುತ್ತಲೇ ಇರಲಿಲ್ಲ.

ಒಂದು ದಿನ ಒಂದೇ ಶೂ ಹಾಕಿಕೊಂಡು ಬೀದಿಯ ಕೊನೆಯವರೆಗೆ ಹೋಗಿದ್ದಳು. ನೋಟುಬುಕ್ಕಿನಲ್ಲಿ ಪ್ರತಿ ವಾಕ್ಯವೂ ನಡುವಿನಲ್ಲಿ ನಿಂತುಹೋಗಿತ್ತು. ಸೊಸೆ ರೇಗುವಳು, ಮಗ ಗದರುವನು, ನಾನು ಅಡ್ಡ ಬಂದು, "ಅಜ್ಜಿಯ ನೆನಪು ಕಾಡುತ್ತಿದೆ, ಬಿಡಿ. ಮಗುವಿನ ದುಃಖ ಹೀಗೇ" ಎನ್ನುವೆನು. ಆ ಮಾತು ಎಲ್ಲರಿಗೂ ಸರಿಯೆನಿಸಿತು. ಮಗುವಿನ ಮುಂದೆ ಅಜ್ಜಿಯ ಮಾತೆತ್ತಬಾರದೆಂದು ನಿಯಮ ಮಾಡಿಕೊಂಡೆವು. ಅವಳ ಕನ್ನಡಕ, ಟೇಪು, ಸೂಜಿ ಚುಚ್ಚಿಡುವ ಚಿಂದಿ ಎಲ್ಲವನ್ನೂ ಎತ್ತಿಟ್ಟೆವು.

ಆರನೆಯ ವಾರ ಶಾಲೆಯಿಂದ ಚೀಟಿ ಬಂತು. ಮೂವರೂ ಹೋದೆವು. ಹೆಡ್ ಮೇಡಂ ಎದುರಿಗೆ ಹುಡುಗಿಯ ನೋಟುಬುಕ್ಕುಗಳು ಹರಡಿದ್ದವು. ಕ್ಲಾಸ್ ಟೀಚರು ಪಕ್ಕದಲ್ಲಿ ನಿಂತಿದ್ದರು.

"ಪರೀಕ್ಷೆಗೆ ಇನ್ನು ಏಳು ವಾರ. ಹೀಗೇ ಆದ್ರೆ ಇದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂರಿಸಬೇಕಾಗುತ್ತೆ" ಎಂದರು ಹೆಡ್ ಮೇಡಂ. "ಅಲ್ಲೂ ಆಗದಿದ್ರೆ ಬೇರೆ ಶಾಲೆ ನೋಡ್ಕೊಳ್ಳಿ ಅಂತ ಹೇಳಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

"ಮೇಡಂ, ನಮ್ಮ ಅತ್ತೆ ತೀರಿಕೊಂಡು ಆರು ವಾರ. ಮಗು ಅದೇ ಕೊರಗಲ್ಲಿದೆ" ಎಂದಳು ಸೊಸೆ.

ಕ್ಲಾಸ್ ಟೀಚರು ಮೆಲ್ಲಗೆ, "ಇದು ಆರು ವಾರದ್ದಲ್ಲ ಅಮ್ಮ. ಒಂದನೇ ಕ್ಲಾಸಿಂದಲೂ ಇದೆ. ತಿಂಗಳು ತಿಂಗಳೂ ನಿಮ್ಮ ಅತ್ತೆಯವರಿಗೆ ಹೇಳ್ತಿದ್ವಲ್ಲ. ಏನೇನು ಬಾಕಿ ಅಂತ ಕೇಳಿ ಬರ್ಕೊಂಡು ಹೋಗೋರು. ಮಾರನೇ ದಿನ ಎಲ್ಲ ಮುಗಿಸಿ ಕಳಿಸೋರು. ಮನೇಲಿ ನಿಮಗೆಲ್ಲ ಗೊತ್ತು ಅಂದ್ಕೊಂಡಿದ್ವಿ" ಎಂದರು.

ಸೊಸೆ ನನ್ನ ಕಡೆಗೆ ತಿರುಗಿದಳು. ನಾನು ನೆಲ ನೋಡಿದೆ.

"ಮಗು ಹುಟ್ಟಿದಾಗ ಏನಾದ್ರೂ ತೊಂದರೆ ಆಗಿತ್ತಾ?" ಹೆಡ್ ಮೇಡಂ ಫೈಲು ತೆರೆದರು. "ನೀವು ಸೇರಿಸುವಾಗ ಕೊಟ್ಟ ಫಾರಂ ಇದು. ಹುಟ್ಟು: ಸಾಧಾರಣ. ಹೀಗಂತ ಬರೆದಿದ್ದೀರಿ."

ಅದು ಸೊಸೆಯ ಅಕ್ಷರ. ಅವಳು ಅದನ್ನೇ ನೋಡುತ್ತಾ ಕುಳಿತಳು. ಮಗನೇ ಎಲ್ಲವನ್ನೂ ಹೇಳಿದ. ಡಾಕ್ಟರ ಹತ್ತಿರ ತೋರಿಸಿ, ಕಾಗದ ತನ್ನಿ, ಆಮೇಲೆ ನೋಡೋಣ ಎಂದರು ಹೆಡ್ ಮೇಡಂ.

ಆ ಸಂಜೆ ಊಟಕ್ಕೆ ಕುಳಿತಾಗ ಯಾರೂ ತುತ್ತು ಎತ್ತಲಿಲ್ಲ. ಪಾವು ಅಂಗಳದಲ್ಲಿ ಬೆಕ್ಕಿನ ಹಿಂದೆ ಹೋಗಿದ್ದಳು.

"ಎರಡು ವರ್ಷ" ಎಂದಳು ಸೊಸೆ. "ಎರಡು ವರ್ಷ ನನ್ನ ಮಗಳ ವಿಷಯ ನನ್ನಿಂದಲೇ ಮುಚ್ಚಿಟ್ರು. ನಾನೇನು ಪಕ್ಕದ ಮನೆಯೋಳಾ?"

"ಸತ್ತೋರ ಮೇಲೆ ಯಾಕೆ ಹಾರಾಡ್ತೀಯ" ಎಂದ ಮಗ. "ಸಾಧಾರಣ ಅಂತ ಬರೆದೋಳು ನೀನೇ ತಾನೇ."

"ಬರೆದೆ. ಮೊದಲ ದಿನವೇ ಮಗು ಹಣೆ ಮೇಲೆ ಚೀಟಿ ಅಂಟಿಸಿ ಕಳಿಸೋದು ಬೇಡ ಅಂತ ಬರೆದೆ. ನೀವು ಎಲ್ಲಿದ್ರಿ ಆಗ? ಲಿಫ್ಟಿನ ಗುಂಡಿಯೊಳಗೆ. ಯಾವಾಗ ಕೇಳಿದ್ರೂ ಲಿಫ್ಟಿನ ಗುಂಡಿಯೊಳಗೆ."

"ಊಟ ಎಲ್ಲಿಂದ ಬರುತ್ತೆ ಅಂದ್ಕೊಂಡಿದ್ದೀಯ?"

"ನಾನೂ ಬೆಳಿಗ್ಗೆಯಿಂದ ನಿಂತೇ ಇರ್ತೀನಿ, ನೆನಪಿರಲಿ. ಪಾವು ಹೊಟ್ಟೆಯಲ್ಲಿದ್ದಾಗಲೂ ನಿಂತಿದ್ದೆ. ಅದಕ್ಕೇ ಹೀಗಾಯ್ತು ಅಂತ ಈ ಮನೆಯಲ್ಲಿ ಹೇಳಿದೋರೂ ಇದ್ದಾರೆ. ನಾನು ಮರೆತಿಲ್ಲ."

ನಾನು ತಟ್ಟೆ ಸರಿಸಿದೆ. ಎಂಟು ವರ್ಷ ನುಂಗಿಕೊಂಡಿದ್ದನ್ನು ಆಗ ಹೇಳಬೇಕಾಯಿತು.

"ಅವಳೂ ಮರೆತಿರಲಿಲ್ಲ ಕಣಮ್ಮ" ಎಂದೆ.

ಮಗು ಹುಟ್ಟಿದ ಮೂರನೆಯ ದಿನ, ಆಸ್ಪತ್ರೆಯಲ್ಲಿ ಮಗುವನ್ನಿಟ್ಟಿದ್ದ ಕೋಣೆಯ ಗಾಜಿನ ಗೋಡೆಯ ಹೊರಗೆ, ನನ್ನ ಹೆಂಡತಿ ಸೊಸೆಗೆ ಹೇಳಿದ್ದಳು: "ಕೌಂಟರಿನ ಹಿಂದೆ ನಿಂತು ನಿಂತು ಮಗುನ ಈ ಗತಿಗೆ ತಂದೆ. ಕೂತ್ಕೋ ಅಂದ್ರೆ ಕೇಳಿದ್ಯಾ?" ಹೆದರಿಕೆಯಲ್ಲಿ ಬಂದ ಮಾತು. ಸೊಸೆಯ ಮುಖ ನೋಡಿದ ಮೇಲೆ ಅವಳಿಗೆ ತಾನು ಏನು ಆಡಿದೆನೆಂದು ಗೊತ್ತಾಯಿತು. ಅಂದು ಮನೆಗೆ ಬಂದು ಊಟ ಮಾಡಲಿಲ್ಲ. ದೇವರ ಮುಂದೆ ಕುಳಿತು ಕ್ಷಮೆ ಕೇಳಿದಳು. ದೇವರನ್ನು ಕೇಳುವುದು ಸುಲಭ. ಸೊಸೆಯನ್ನು ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ.

"ಆಮೇಲೆ ಆ ಮಗುವಿನ ವಿಷಯದಲ್ಲಿ ನಿನಗೆ ಚುಚ್ಚೋ ಅಂಥ ಒಂದು ಮಾತನ್ನೂ ಅವಳು ಮನೆಯೊಳಗೆ ಬಿಡಲಿಲ್ಲ. ಟೀಚರು ಹೇಳಿದ್ದನ್ನೆಲ್ಲ ತಾನೇ ಇಟ್ಕೊಂಡ್ಲು. ಒಂದು ಸಲ ನನಗೆ ಹೇಳಿದ್ಲು. ಮಗುವಿನ ಲಕ್ಷ್ಯ ನಿಲ್ತಾ ಇಲ್ಲ ಅಂತಾರೆ, ಸೊಸೆಗೆ ಮಾತ್ರ ಹೇಳಬೇಡಿ, ಮತ್ತೆ ತನ್ನದೇ ತಪ್ಪು ಅಂದ್ಕೋತಾಳೆ ಅಂತ."

"ನೀವೇನಂದ್ರಿ?"

"ನಾನು ಪೇಪರ್ ಓದ್ತಿದ್ದೆ. ಮಕ್ಕಳು ಅಂದ್ರೆ ಹಾಗೇನೇ ಅಂದೆ."

ಸೊಸೆ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ತೊಳೆಯುವ ಜಾಗಕ್ಕೆ ಒಯ್ದು ನಲ್ಲಿ ಬಿಟ್ಟಳು. ಆಮೇಲೆ ಅಲ್ಲಿಂದಲೇ, "ಒಂದು ಮಾತು ಕೇಳಿದ್ರೆ ಆಗ್ತಿತ್ತು ಅವರು" ಎಂದಳು. "ನಾನು ಇಲ್ಲ ಅಂತಿರಲಿಲ್ಲ."

ಮಾರನೆಯ ಬೆಳಿಗ್ಗೆ ಅವಳೇ ಕಪಾಟಿನ ಮೇಲಿನ ಸೂಟ್‌ಕೇಸ್ ಇಳಿಸಿ, ಎಂಟು ವರ್ಷದಿಂದ ತೆರೆಯದಿದ್ದ ಆಸ್ಪತ್ರೆಯ ಕಾಗದಗಳನ್ನು ಹೊರತೆಗೆದಳು.

ಮಕ್ಕಳ ಡಾಕ್ಟರು ವಯಸ್ಸಾದ ಹೆಂಗಸು. ಆತುರವಿಲ್ಲದವರು. ಕಾಗದಗಳನ್ನೆಲ್ಲ ಓದಿದರು, ಪಾವುವಿನ ಕಿವಿ ಕಣ್ಣು ನೋಡಿದರು, ಅವಳ ಕೈಗೆ ಬಣ್ಣದ ಕಟ್ಟಿಗೆಗಳನ್ನು ಕೊಟ್ಟು ಒಂದೂವರೆ ಗಂಟೆ ಆಟವಾಡಿಸಿದರು.

"ಇಷ್ಟು ಮುಂಚೆ ಹುಟ್ಟಿದ ಮಕ್ಕಳಲ್ಲಿ ಇದನ್ನ ನಾವು ಬಹಳ ನೋಡ್ತೀವಿ" ಎಂದರು. "ಬುದ್ಧಿ ಚೆನ್ನಾಗೇ ಇರುತ್ತೆ. ಗಮನ ಹಿಡಿದು ನಿಲ್ಲಿಸೋದು ಕಷ್ಟ. ಗಲಾಟೆ ಮಾಡಲ್ಲ, ಅದಕ್ಕೇ ಬೇಗ ಯಾರಿಗೂ ಗೊತ್ತಾಗಲ್ಲ. ಸೋಮಾರಿ, ಹಟಮಾರಿ ಅಂತ ಬೈಸಿಕೊಳ್ಳುತ್ವೆ, ಪಾಪ."

ಸೊಸೆ ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು. "ನಾನು ಆಗ ಕೆಲಸದಲ್ಲಿ ನಿಂತೇ ಇರ್ತಿದ್ದೆ ಡಾಕ್ಟ್ರೇ."

"ನಿಮ್ಮ ಹಾಗೆ ನಿಂತು ಕೆಲಸ ಮಾಡೋರು ಎಷ್ಟು ಜನ ತುಂಬಿದ ತಿಂಗಳಲ್ಲಿ ಹೆತ್ತಿದ್ದಾರೆ. ಹಾಸಿಗೆ ಬಿಟ್ಟು ಏಳದೋರೂ ಮುಂಚೆ ಹೆತ್ತಿದ್ದಾರೆ. ಯಾಕೆ ಅಂತ ನಮಗೇ ಎಷ್ಟೋ ಸಲ ಗೊತ್ತಾಗಲ್ಲ. ಆ ಲೆಕ್ಕ ಇವತ್ತಿಗೆ ಬಿಟ್ಟುಬಿಡಿ" ಎಂದು ಡಾಕ್ಟರು ಹಳೆಯ ನೋಟುಬುಕ್ಕುಗಳನ್ನು ತಿರುವಿದರು. ಒಂದು ಕಡೆ ನಿಂತರು. "ಇದೇನು, ಪ್ರತಿ ಸಾಲಿನ ಪಕ್ಕದಲ್ಲೂ ನೀಲಿ ಗೀಟು? ಸೀಮೆಸುಣ್ಣದ ಹಾಗಿದೆ."

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವೇ ಅದು. ನಮಗೆ ಗುರುತು ಸಿಕ್ಕಿತು, ಅರ್ಥ ತಿಳಿಯಲಿಲ್ಲ. ಪಾವು ಕಟ್ಟಿಗೆ ಜೋಡಿಸುತ್ತಲೇ ಹೇಳಿದಳು:

"ಅದು ಅಂಚು. ಅಜ್ಜಿ ಒಂದು ಅಂಚು ಹೊಲಿಯೋವರೆಗೂ ನಾನು ಒಂದು ಸಾಲು. ಮಿಷನ್ ಓಡ್ತಿದ್ರೆ ನಾನೂ ಓಡಬೇಕು. ಅಜ್ಜಿ ದಾರ ಕತ್ತರಿಸಿದ್ರೆ ಗೀಟು ಹಾಕ್ತಾರೆ. ಆಗ ನಾನು ಬಾಗಿಲು ಮುಟ್ಟಿ ಬರಬಹುದು. ಆಮೇಲೆ ಇನ್ನೊಂದು ಅಂಚು."

"ಮಧ್ಯದಲ್ಲಿ ನಿಂತುಹೋದ್ರೆ?"

"ಅಜ್ಜಿ ಬೈಯಲ್ಲ. ಹೊಲಿಗೆ ಬಿಟ್ಟುಹೋಯ್ತು ನೋಡು ಅಂತಾರೆ. ನಾವಿಬ್ರೂ ಹಿಂದಿನಿಂದ ಹೊಲೀತೀವಿ."

ಡಾಕ್ಟರು ಪುಸ್ತಕ ಮುಚ್ಚಿದರು. "ನಾನು ನಿಮಗೆ ಹೇಳಿಕೊಡಬೇಕು ಅಂತಿದ್ದದ್ದೇ ಇದು. ಸಣ್ಣ ಸಣ್ಣ ತುಂಡು ಕೆಲಸ, ನಡುವೆ ಎದ್ದು ಓಡಾಟ, ಒಂದು ಸಲಕ್ಕೆ ಒಂದೇ ಮಾತು. ಅವರಿಗೆ ಯಾರು ಹೇಳಿಕೊಟ್ಟಿದ್ರು?"

"ಯಾರೂ ಇಲ್ಲ" ಎಂದ ಮಗ. "ಅವರು ಬಟ್ಟೆ ಹೊಲೀತಿದ್ರು."

ನಾನು ತಲೆತಗ್ಗಿಸಿ ಕುಳಿತೆ. ಅಂಗಳದಲ್ಲಿ ಪೇಪರ್ ಓದುತ್ತಾ ಎರಡು ವರ್ಷ ಆ ಸದ್ದನ್ನೂ ಆ ನಿಲುಗಡೆಯನ್ನೂ ಕೇಳಿದ್ದೆ. ಮೊಮ್ಮಗಳು ಅಜ್ಜಿಗೆ ಜೊತೆಯಾಗಿ ಕುಳಿತಿದ್ದಾಳೆ ಎಂದುಕೊಂಡಿದ್ದೆ. ಕೊನೆಗೆ ಒಂದು ಸದ್ದಿಗೆ ಹೆದರಿ ಮಗುವಿನ ಶಾಲೆಯನ್ನೇ ಟೈಲರ ಗಾಡಿಗೆ ಹೇರಿ ಕಳಿಸಿದ್ದೆ.

ಅಲ್ಲಿಂದ ನೇರವಾಗಿ ಪಾವುವನ್ನು ಕರೆದುಕೊಂಡು ಟೈಲರಲ್ಲಿಗೆ ಹೋದೆ. ಮಿಷನ್ ಇತ್ತು. ಪೆಡಲ್ ಇರಲಿಲ್ಲ.

"ಮೋಟರ್ ಹಾಕಿಸಿದೆ ಯಜಮಾನ್ರೇ" ಎಂದ ಅವನು ಹೆಮ್ಮೆಯಿಂದ. "ಹಳೇ ಸ್ಟ್ಯಾಂಡು ಗುಜರಿಗೆ ಹೋಯ್ತು. ನೋಡಿ ಹೆಂಗೆ ಓಡುತ್ತೆ." ಬೊರ್ರೆಂದು ಒಂದು ಅಂಗಿಯ ಪಕ್ಕವನ್ನು ಉದ್ದಕ್ಕೂ ಹೊಲಿದು ತೋರಿಸಿದ.

ಪಾವು ಕಿವಿಗೊಟ್ಟು ಕೇಳಿದಳು. ಆಮೇಲೆ ನನ್ನ ಕೈ ಎಳೆದಳು. "ಬಾ ತಾತ. ಇದು ಉಸಿರೇ ತಗೊಳ್ಳಲ್ಲ."

ಇನ್ನು ಏನಿದ್ದರೂ ನಾವೇ ಮಾಡಬೇಕಿತ್ತು. ಪರೀಕ್ಷೆಗೆ ಆರು ವಾರ ಉಳಿದಿತ್ತು. ಸೊಸೆ ಅಂಗಡಿಯವರ ಹತ್ತಿರ ಮಾತಾಡಿ ಸಂಜೆ ಒಂದು ಗಂಟೆ ಮೊದಲು ಬರತೊಡಗಿದಳು. ಅಡುಗೆಮನೆಯ ನೆಲದ ಮೇಲೆ ಬಟಾಣಿ ಬುಟ್ಟಿ ಇಟ್ಟುಕೊಂಡು ಕೂರುವಳು. ಹತ್ತು ಕಾಯಿ ಸುಲಿಯುವವರೆಗೆ ಪಾವು ಒಂದು ಸಾಲು ಓದಬೇಕು. ಮೊದಲ ದಿನ ಸೊಸೆಯ ಕೈ ಔಷಧಿ ಎಣಿಸುವ ವೇಗದಲ್ಲಿ ಓಡಿ, ಸಾಲು ಮುಗಿಯುವ ಮೊದಲೇ ಬುಟ್ಟಿ ಖಾಲಿಯಾಯಿತು.

"ಅಮ್ಮ, ನೀನು ಜಾಸ್ತಿ ಓಡ್ತೀಯ. ಅಜ್ಜಿ ನನ್ನನ್ನ ಕಾಯ್ತಿದ್ರು."

"ಆಯ್ತು ತಾಯಿ, ನಾನು ಹೊಸಬಳು. ನೀನೇ ಕಲಿಸ್ಕೊಡು."

ಮಗ ಮಗ್ಗಿಯನ್ನು ಎದುರು ಕಟ್ಟಡದ ಮೆಟ್ಟಿಲ ಮೇಲೆ ಹೇಳಿಸಿದ. ಒಂದು ಮೆಟ್ಟಿಲಿಗೆ ಒಂದು. ತಪ್ಪಿದರೆ ಒಂದು ಮೆಟ್ಟಿಲು ಕೆಳಗೆ. ಅಲ್ಲಿಯ ಕಾವಲಿನವನು, "ಏನು ಸ್ವಾಮಿ, ಲಿಫ್ಟ್ ರಿಪೇರಿಯವರೇ ಮೆಟ್ಟಿಲು ಹತ್ತಿದ್ರೆ ನಾವು ಯಾರನ್ನ ನಂಬೋಣ?" ಎಂದು ನಕ್ಕನಂತೆ. ನಾನು ಮೂವತ್ತು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ಬರೆದುಕೊಂಡವನು. ನನಗೆ ಗೊತ್ತಿರುವುದು ಗೇಟಿನಿಂದ ಗೇಟಿಗೆ ನಡೆಯುವುದು. ಬೆಳಿಗ್ಗೆ ಶಾಲೆಗೆ ಹೋಗುವಾಗ ಒಂದು ಗೇಟಿಗೆ ಒಂದು ಕಷ್ಟದ ಪದ ಹೇಳಿ, ಮುಂದಿನ ಗೇಟಿನಲ್ಲಿ ಅಕ್ಷರ ಬಿಡಿಸಿ ಹೇಳಿಸುತ್ತಿದ್ದೆ. ನಾಯಿ ಇರುವ ಗೇಟಿನಲ್ಲಿ ಪದ ಹಾರಿಹೋಗುತ್ತಿತ್ತು. ಹಿಂದಕ್ಕೆ ಬಂದು ಮತ್ತೆ ಹೊರಡುತ್ತಿದ್ದೆವು. ಎಲ್ಲ ದಿನಗಳೂ ಚೆನ್ನಾಗಿರಲಿಲ್ಲ. ಒಂದು ಸಂಜೆ ಸೊಸೆ ಬಟಾಣಿ ಬುಟ್ಟಿಯನ್ನು ಗೋಡೆಗೆ ಎಸೆದು ಅತ್ತಳು. ಪಾವು ಕಾಳುಗಳನ್ನು ಆರಿಸಿ ತಂದು, "ಹೊಲಿಗೆ ಬಿಟ್ಟುಹೋಯ್ತು ಅಷ್ಟೇ ಅಮ್ಮ" ಎಂದಳು.

ನಾಲ್ಕು ಗಂಟೆಯ ಸದ್ದು ಮಾತ್ರ ನಿಂತಿರಲಿಲ್ಲ. ಒಂದು ಮಧ್ಯಾಹ್ನ ಧೈರ್ಯ ಮಾಡಿ, ಚಪ್ಪಲಿ ಬಿಟ್ಟು, ಸದ್ದಾಗದಂತೆ ಒಳಕೋಣೆಯ ಬಾಗಿಲಿಗೆ ಹೋದೆ. ಪಾವು ಅದೇ ಮಣೆಯ ಮೇಲೆ, ಮಿಷನ್ ಇದ್ದ ಜಾಗಕ್ಕೆ ಮುಖ ಮಾಡಿ ಕುಳಿತಿದ್ದಳು. ಹಿಮ್ಮಡಿಯಿಂದ ಮಣೆಯ ಮರವನ್ನು ಬಡಿಯುತ್ತಿದ್ದಳು, ಟಕಟಕ ಟಕಟಕ. ಅದರ ಜೊತೆಗೇ ಒಂದು ಸಾಲು ಓದಿದಳು. ಕಾಲು ನಿಲ್ಲಿಸಿದಳು. ಎದ್ದು ಬಂದು ಬಾಗಿಲು ಮುಟ್ಟುವಾಗ ನನ್ನನ್ನು ಕಂಡಳು.

"ನೀನೇನಾ ಇಷ್ಟು ದಿನ?"

"ನಾನು ಓದೋದು ತಾತ."

"ಸದ್ದು?"

ಅವಳು ಮಣೆಯ ಕಡೆಗೆ ನೋಡಿದಳು. "ನಾನು ಶುರು ಮಾಡ್ತೀನಿ. ಆಮೇಲೆ ಅಜ್ಜಿ ಹಿಡ್ಕೋತಾರೆ. ನನ್ನ ಪಾಠ ಮುಗಿಯೋವರೆಗೂ ಹೋಗಲ್ಲಂತೆ."

ಅವಳು ಹಿಂದಿರುಗಿ ಕುಳಿತು ಹಿಮ್ಮಡಿ ಆಡಿಸಿದಳು. ನಾನು ಕಣ್ಣು ಕೀಳದೆ ಆ ಕಾಲನ್ನೇ ನೋಡಿದೆ. ಸಾಲು ಮುಗಿಯಿತು, ಕಾಲು ನಿಂತಿತು. ಸದ್ದು ಕಾಲಿಗಿಂತ ಎರಡು ಹೊಲಿಗೆಯಷ್ಟು ತಡವಾಗಿ ನಿಂತಿತು. ಮುದುಕನ ಕಿವಿ ಎಂದು ಯಾರಾದರೂ ಅಂದರೆ ವಾದಿಸುವುದಿಲ್ಲ. ನಾನು ಕೇಳಿದ್ದನ್ನು ಹೇಳಿದ್ದೇನೆ.

ಆ ದಿನದಿಂದ ನನಗೆ ಬೇರೊಂದು ಸಂಕಟ ಹಿಡಿಯಿತು. ಮೂವತ್ತೆಂಟು ವರ್ಷ ಕಾಲು ತುಳಿದವಳು. ಮಂಡಿ ನೋವೆಂದು ಸಂಜೆ ಬಿಸಿನೀರಿನ ಬಟ್ಟೆ ಇಟ್ಟುಕೊಳ್ಳುತ್ತಿದ್ದಳು. ಸತ್ತ ಮೇಲೂ ಆ ಕಾಲಿಗೆ ಬಿಡುವಿಲ್ಲದಂತೆ ಮಾಡಿದವರು ನಾವೇ. ಹೋಗಬೇಡ ಎಂದು ಒಳಗೊಳಗೇ ಹಿಡಿದಿಟ್ಟವನು ನಾನು.

ಪರೀಕ್ಷೆ ಮುಗಿದ ಮೇಲೆ ಶಾಲೆಯಿಂದ ಕರೆ ಬಂತು. ಟೀಚರು ಈ ನಡುವೆ ಡಾಕ್ಟರ ಕಾಗದ ಓದಿ ಪಾವುವನ್ನು ಮುಂದಿನ ಬೆಂಚಿಗೆ ತಂದಿದ್ದರು. ಪ್ರಶ್ನೆಪತ್ರಿಕೆಯನ್ನು ಮೂರು ತುಂಡು ಮಾಡಿ ಒಂದೊಂದಾಗಿ ಕೊಟ್ಟಿದ್ದರು. ಹೆಡ್ ಮೇಡಂ ಉತ್ತರದ ಹಾಳೆಗಳನ್ನು ನಮ್ಮ ಮುಂದಿಟ್ಟರು. ಲೆಕ್ಕದಲ್ಲಿ ಕಡಿಮೆ. ಓದಿನಲ್ಲಿ ಪರವಾಗಿಲ್ಲ. ಪ್ರಬಂಧ ನಾಲ್ಕೇ ಸಾಲು, ಆದರೆ ನಾಲ್ಕೂ ಪೂರ್ತಿ.

"ಮುಂದಿನ ಕ್ಲಾಸಿಗೆ ಕಳಿಸ್ತೀವಿ" ಎಂದರು. "ಆದ್ರೆ ಇದು ಇಲ್ಲಿಗೆ ಮುಗಿಯೋದಲ್ಲ, ಗೊತ್ತಲ್ಲ? ಪ್ರತಿ ವರ್ಷವೂ ಇದೇ ಪಾಡು."

"ಗೊತ್ತು ಮೇಡಂ" ಎಂದಳು ಸೊಸೆ. "ಆ ಫಾರಂ ಒಂಚೂರು ಕೊಡ್ತೀರಾ?" ಸಾಧಾರಣ ಎಂಬ ತನ್ನದೇ ಅಕ್ಷರದ ಮೇಲೆ ಗೀಟೆಳೆದು, ಪಕ್ಕದಲ್ಲಿ ಇಪ್ಪತ್ತಾರನೆಯ ವಾರ ಎಂದು ಬರೆದಳು. ಮನೆಯಲ್ಲಿ ಪಾಠ ನೋಡಿಕೊಳ್ಳುವವರು ಎಂಬಲ್ಲಿ ನನ್ನ ಹೆಂಡತಿಯ ಹೆಸರಿತ್ತು. ಅದನ್ನು ಹೊಡೆಯಲಿಲ್ಲ. ಅದರ ಕೆಳಗೆ ತನ್ನ ಹೆಸರು, ಗಂಡನ ಹೆಸರು, ನನ್ನ ಹೆಸರು ಸೇರಿಸಿದಳು.

ಮನೆಗೆ ಬಂದಾಗ ನಾಲ್ಕು ಗಂಟೆಯಾಗುತ್ತಿತ್ತು. ನಾನು ಅಂಗಳದಲ್ಲಿ ಪೇಪರ್ ಹಿಡಿದು ಕುಳಿತು ಕಾದೆ. ಪಾವು ಒಳಕೋಣೆಗೆ ಹೋಗದೆ ಅಡುಗೆಮನೆಯಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಅವಳಿಗೆ ಕಥೆಪುಸ್ತಕ ಓದಿ ಹೇಳುತ್ತಿದ್ದಳು. ನಡುವೆ ನಿಲ್ಲಿಸಿ ಬೆಕ್ಕಿನ ಮಾತೆತ್ತಿದಳು. "ಆಯ್ತು, ಬೆಕ್ಕು ಆಯ್ತು. ಇನ್ನೊಂದು ಸಾಲು?" ಎಂದಳು ಸೊಸೆ. ಹುಡುಗಿ ಮತ್ತೆ ಓದಿದಳು. ಒಳಕೋ‌ಣೆಯಲ್ಲಿ ಸದ್ದಿಲ್ಲ. ನಾಲ್ಕೂಕಾಲಾಯಿತು, ನಾಲ್ಕೂವರೆಯಾಯಿತು. ನಾನು ಎದ್ದು ಆ ಖಾಲಿ ಕೋಣೆಗೆ ಹೋಗಿ ನೆಲದ ಮೇಲೆ ಕುಳಿತೆ. ನೆಲದಲ್ಲಿ ಮಿಷನ್ನಿನ ನಾಲ್ಕು ಕಾಲುಗಳ ಗುರುತು ಬಿಳಿಚಿಕೊಂಡಿತ್ತು. ಅಷ್ಟು ದಿನ ನಾಲಿಗೆಗೆ ಬಾರದಿದ್ದುದನ್ನು ಆಗ ಮೊದಲ ಸಲ ಕೈಮುಗಿದು ಕೇಳಿದೆ.

ದೇವರೇ, ಇವಳು ನನ್ನ ಮನೆಗೆ ಬಂದ ದಿನದಿಂದ ಕುಳಿತಲ್ಲಿಯೂ ಕಾಲು ನಿಲ್ಲಿಸಿದವಳಲ್ಲ. ಒಂದು ಮಾತು ತಪ್ಪಿ ಆಡಿದಳು. ಅದಕ್ಕೆ ಎಂಟು ವರ್ಷ ಬಾಯಿ ಬಿಡದೆ ದುಡಿದಳು. ಯಾರ ಕ್ಷಮೆ ಅವಳಿಗೆ ಬೇಕಾಗಿತ್ತೋ ಆ ಸೊಸೆ ಇಂದು ಕ್ಷಮಿಸಿದ್ದಾಳೆ. ಅದು ಅವಳಿಗೆ ತಲುಪದಿದ್ದರೆ ನೀನು ತಲುಪಿಸು. ಇಲ್ಲಿಯ ಕೆಲಸ ಮುಗಿಯುವಂಥದ್ದಲ್ಲ, ಅವಳು ಮುಗಿಸಬೇಕಾದದ್ದೂ ಅಲ್ಲ. ಅದು ಈಗ ನಮ್ಮ ಕೈಯಲ್ಲಿದೆ ಎಂದು ಅವಳಿಗೆ ಹೇಳು. ನೋಯುವ ಆ ಮಂಡಿಗಳನ್ನು ಚಾಚಿ ಕುಳಿತುಕೊಳ್ಳಲು ಅವಳಿಗೆ ಜಾಗ ಕೊಡು. ನಾನು ಇನ್ನು ಅವಳನ್ನು ಹಿಡಿದಿಡುವುದಿಲ್ಲ. ಎಂದಾದರೂ ಮರೆತು ಕರೆದರೆ, ಅವಳು ತಿರುಗಿ ನೋಡದಿರಲಿ. ಅವಳಿಗೆ ಶಾಂತಿ ಕೊಡು, ತಂದೆ.